ಬಾಗಿಲಾಚೆ ಯಾರು? ಮನೆ ಕಾಯುವ ಹಕ್ಕು ಎಲ್ಲಿ ಶುರು, ಎಲ್ಲಿ ಮುಗಿಯುತ್ತೆ

(ಗಚ್ಚಿಬೌಲಿಯ ಕನ್ನಡ ಗೆಳೆಯರ ಭಾನುವಾರದ ಕೂಟದಲ್ಲಿ ಆಡಿದ ಮಾತು. ವಿಡಿಯೊ ನೋಡೋಕೆ ಸಮಯ ಸಿಗದವರಿಗಾಗಿ ಬರಹ ರೂಪದಲ್ಲಿ ಕೊಟ್ಟಿದ್ದೇವೆ. ಮಾತಿನ ಧಾಟಿ ಹಾಗೇ ಉಳಿಸಿಕೊಂಡಿದ್ದೇವೆ.)

ಮೊದಲೇ ಹೇಳಿಬಿಡ್ತೀನಿ, ನಾನು ವಕೀಲ ಅಲ್ಲ. ನಿಮ್ಮ ಹಾಗೇ ಲ್ಯಾಪ್‌ಟಾಪ್ ಮುಂದೆ ಕೂತು ಹೊಟ್ಟೆ ಹೊರೆಯೋನು. ಆದರೆ ಒಂದು ರಾತ್ರಿ ನಮ್ಮ ಮನೆಯಲ್ಲಿ ಆದ ಒಂದು ಸಂಗತಿಯಿಂದ ಈ ವಿಷಯದ ಕಾನೂನು ಓದೋ ಹಾಗಾಯ್ತು. ಓದಿದ್ದನ್ನ ಗೊತ್ತಿರೋ ವಕೀಲರ ಹತ್ತಿರ ಕೇಳಿ ತಿದ್ದಿಕೊಂಡೆ. ಅದನ್ನೇ ಇವತ್ತು ಹಂಚಿಕೊಳ್ತೀನಿ.

ನಮ್ಮ ಮನೆ ಇಲ್ಲೇ ಗಚ್ಚಿಬೌಲಿಯ ಒಂದು ಟವರ್‌ನಲ್ಲಿ, ಹತ್ತನೇ ಮಹಡಿ. ರಾತ್ರಿ ಎರಡೂವರೆ ಇರಬೇಕು. ನನ್ನ ಹೆಂಡತಿ ಅಲುಗಾಡಿಸಿ ಎಬ್ಬಿಸಿದಳು. "ರೀ, ಏಳ್ರಿ. ಯಾರೋ ಬಾಗಲಾ ತೆಗ್ಯಾಕ ಹತ್ಯಾರ." ಕಿವಿಗೊಟ್ಟೆ. ನಿಜ. ಲಾಕ್‌ಗೆ ಕೀಲಿ ಹಾಕಿ ತಿರುಗಿಸೋ ಸದ್ದು. ಬಿಟ್ಟು ಬಿಟ್ಟು ಮತ್ತೆ ಮತ್ತೆ. ಆಮೇಲೆ ಹಿಡಿಕೆ ಹಿಡಿದು ಜೋರಾಗಿ ಎಳೆದರು.

ಮಗನ ಕ್ರಿಕೆಟ್ ಬ್ಯಾಟ್ ಕೈಗೆ ತಗೊಂಡೆ. ನನ್ನ ತಲೇಲಿ ಇದ್ದ ಲೆಕ್ಕ ಏನು ಗೊತ್ತಾ? ಚಿಲಕ ಮೆಲ್ಲಗೆ ಸರಿಸಬೇಕು, ಬಾಗಿಲು ದಡಕ್ಕನೆ ತೆಗೀಬೇಕು, ಅವನು ಸಾವರಿಸಿಕೊಳ್ಳೋ ಮೊದಲೇ ತಲೆಗೆ ಹೊಡೀಬೇಕು. ಇದು ನನ್ನ ಮನೆ, ಒಳಗೆ ನನ್ನ ಹೆಂಡತಿ ಮಗ ಇದ್ದಾರೆ, ಹೊಡೆಯೋ ಹಕ್ಕು ನನಗಿದೆ. ಚಿಲಕದ ಮೇಲೆ ಕೈ ಇಟ್ಟೂ ಆಗಿತ್ತು.

ಅಷ್ಟರಲ್ಲಿ ನಮ್ಮವ್ವ ಎದ್ದು ಬಂದಳು. ಸಿಂಧನೂರಿಂದ ಬಂದು ಹದಿನೈದು ದಿನ ಆಗಿತ್ತು. ಲೈಟ್ ಹಾಕಿ, ಊರಲ್ಲಿ ಕೂಗೋ ಹಾಗೇ ಕೂಗಿದಳು: "ಯಾರಪ್ಪಾ ಅದು? ಯಾರ ಮನಿ ಬೇಕಾಗಿತ್ತು ನಿಮಗ?"

ಹೊರಗೆ ಸದ್ದು ನಿಂತಿತು. ಆಮೇಲೆ ಒಂದು ಸುಸ್ತಾದ ದನಿ ಬಂತು. ಸಾರಿ ಆಂಟಿ, ಫ್ಲೋರ್ ತಪ್ಪಾಯ್ತು ಅಂತ. ನಮ್ಮ ಮೇಲಿನ ಮಹಡಿ ಹುಡುಗ. ಶಿಫ್ಟ್ ಮುಗಿಸಿ ಬಂದಿದ್ದ. ಫೋನ್ ನೋಡ್ತಾ ಲಿಫ್ಟ್‌ನಿಂದ ಒಂದು ಮಹಡಿ ಮೊದಲೇ ಇಳಿದಿದ್ದ. ನಮ್ಮ ಟವರ್‌ಗಳಲ್ಲಿ ಪ್ರತಿ ಮಹಡಿಯೂ ಒಂದೇ ಥರ, ಬಾಗಿಲಿನ ಬಣ್ಣವೂ ಒಂದೇ. ನಿಮಗೆ ಗೊತ್ತಿರೋದೇ.

ಬೆಳಿಗ್ಗೆವರೆಗೂ ನನಗೆ ನಿದ್ದೆ ಹತ್ತಲಿಲ್ಲ. ಅವ್ವ ಒಂದು ನಿಮಿಷ ತಡವಾಗಿ ಎದ್ದಿದ್ದರೆ ಏನಾಗ್ತಿತ್ತು? ನನಗೆ ನಿಜವಾಗಿಯೂ ಹಕ್ಕಿತ್ತಾ? ಈ ಪ್ರಶ್ನೆ ಇಟ್ಟುಕೊಂಡೇ ಓದೋಕೆ ಶುರು ಮಾಡಿದೆ.

ಹಕ್ಕು ಇದೆ, ಸಣ್ಣದೇನಲ್ಲ

2024ರ ಜುಲೈ 1ರಿಂದ ಹಳೇ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಐಪಿಸಿಯಲ್ಲಿ 96ರಿಂದ 106ರವರೆಗೆ ಇದ್ದ ಆತ್ಮರಕ್ಷಣೆಯ ಕಲಂಗಳು ಈಗ 34ರಿಂದ 44. ನಂಬರ್ ಬದಲಾಗಿದೆ, ತಿರುಳು ಹೆಚ್ಚು ಕಡಿಮೆ ಅದೇ. ಆತ್ಮರಕ್ಷಣೆಗಾಗಿ ಮಾಡಿದ್ದು ಅಪರಾಧವೇ ಅಲ್ಲ ಅಂತ 34ನೇ ಕಲಂ ಹೇಳುತ್ತೆ. 35ನೇ ಕಲಂ ಇನ್ನೂ ಮುಂದೆ ಹೋಗುತ್ತೆ. ನಿಮ್ಮ ದೇಹ, ನಿಮ್ಮ ಆಸ್ತಿ ಅಷ್ಟೇ ಅಲ್ಲ, ಬೇರೆಯವರ ದೇಹ, ಬೇರೆಯವರ ಆಸ್ತಿಯನ್ನೂ ನೀವು ಕಾಪಾಡಬಹುದು. ಪಕ್ಕದ ಫ್ಲಾಟ್‌ನವರು ಊರಿಗೆ ಹೋಗಿದ್ದಾಗ ಅಲ್ಲಿ ಕಳ್ಳ ನುಗ್ಗಿದರೆ ತಡೆಯೋಕೆ ನಿಮಗೂ ಹಕ್ಕಿದೆ.

ಎಷ್ಟರ ಮಟ್ಟಿಗೆ? 41ನೇ ಕಲಂನಲ್ಲಿ ನಾಲ್ಕು ಸಂದರ್ಭ ಇವೆ. ಒಂದು, ದರೋಡೆ. ಎರಡು, ಸೂರ್ಯ ಮುಳುಗಿದ ಮೇಲೆ, ಹುಟ್ಟೋ ಮೊದಲು ಮನೆ ಬೀಗ ಒಡೆದೋ ಕನ್ನ ಹಾಕಿಯೋ ಒಳನುಗ್ಗೋದು. ಮೂರು, ಜನ ವಾಸ ಇರೋ ಮನೆಗೆ ಬೆಂಕಿ ಅಥವಾ ಸ್ಫೋಟಕ ಇಡೋದು. ನಾಲ್ಕು, ಕಳ್ಳತನವೋ ಅತಿಕ್ರಮವೋ ನಡೀತಿರೋ ರೀತಿ ನೋಡಿದರೆ ಪ್ರಾಣ ಹೋಗಬಹುದು ಅಥವಾ ಭಾರಿ ಗಾಯ ಆಗಬಹುದು ಅಂತ ಯಾರಿಗಾದರೂ ಅನ್ನಿಸೋ ಹಾಗಿದ್ದರೆ. ಈ ನಾಲ್ಕರಲ್ಲಿ, ಬೇರೆ ದಾರಿ ಇಲ್ಲದಾಗ, ಎದುರಿನವನ ಸಾವಾದರೂ ಕಾನೂನು ನಿಮ್ಮ ಪರ ನಿಲ್ಲಬಹುದು.

ಓಡಿಹೋಗಬೇಕು ಅಂತಲೂ ಕಾನೂನು ಹೇಳೋದಿಲ್ಲ. ಇದಕ್ಕೆ ಎಲ್ಲರೂ ಎತ್ತಿ ಹೇಳೋ ತೀರ್ಪು ದರ್ಶನ್ ಸಿಂಗ್ ವಿರುದ್ಧ ಪಂಜಾಬ್ ರಾಜ್ಯ, ಸುಪ್ರೀಂ ಕೋರ್ಟ್, ಜನವರಿ 2010. ಜಮೀನಿನ ಜಗಳದಲ್ಲಿ ತಂದೆಯ ತಲೆಗೆ ಏಟು ಬಿದ್ದಾಗ ಮಗ ಗುಂಡು ಹಾರಿಸಿದ್ದ. ಕೋರ್ಟ್ ಅವನನ್ನ ಬಿಡುಗಡೆ ಮಾಡಿತು. ಜೀವಕ್ಕೆ ಕುತ್ತು ಬಂದ ಗಳಿಗೆಯಲ್ಲಿ ಯಾರೂ ತಕ್ಕಡಿ ಹಿಡಿದು ತೂಗಿ ಹೊಡೆಯೋಕೆ ಆಗಲ್ಲ ಅಂತ ಕೋರ್ಟ್ ಒಪ್ಪಿಕೊಂಡಿದೆ. ಅದಕ್ಕೇ "ನಮ್ಮ ದೇಶದಲ್ಲಿ ಕಳ್ಳನ್ನ ಮುಟ್ಟಿದರೆ ನಮ್ಮ ಮೇಲೇ ಕೇಸು" ಅಂತ ವಾಟ್ಸಾಪ್‌ನಲ್ಲಿ ಬರೋದು ಪೂರ್ತಿ ಸುಳ್ಳು. ಆದರೆ "ಮನೆಗೆ ನುಗ್ಗಿದವನನ್ನ ಏನು ಬೇಕಾದರೂ ಮಾಡಬಹುದು" ಅನ್ನೋದು ಅದಕ್ಕಿಂತ ದೊಡ್ಡ ಸುಳ್ಳು.

ಅಪಾಯ ಇರೋ ತನಕ

ನನಗೆ ಅರ್ಥವಾದ ಮಟ್ಟಿಗೆ ಇಡೀ ಕಾನೂನಿನ ಸಾರ ಒಂದೇ. ಈ ಹಕ್ಕು ಅಪಾಯದ ಜೊತೆ ಹುಟ್ಟುತ್ತೆ, ಅಪಾಯದ ಜೊತೆ ಮುಗಿಯುತ್ತೆ. ನಾವು ಸಿಕ್ಕಿಹಾಕಿಕೊಳ್ಳೋದು ಅದಕ್ಕಿಂತ ಮೊದಲು ಮಾಡಿದ್ದಕ್ಕೆ, ಇಲ್ಲ ಆಮೇಲೆ ಮಾಡಿದ್ದಕ್ಕೆ.

37ನೇ ಕಲಂನಲ್ಲಿ ಎರಡು ಮಾತಿದೆ. ಪೊಲೀಸರ ನೆರವು ಪಡೆಯೋಕೆ ಸಮಯ ಇದ್ದರೆ ಈ ಹಕ್ಕು ಇಲ್ಲ. ಕಾಪಾಡಿಕೊಳ್ಳೋಕೆ ಎಷ್ಟು ಬೇಕೋ ಅದಕ್ಕಿಂತ ಹೆಚ್ಚು ಪೆಟ್ಟು ಕೊಡೋ ಹಾಗಿಲ್ಲ. ಹಗಲು ಹೊತ್ತಲ್ಲಿ ತೆರೆದ ಬಾಗಿಲಿಂದ ಒಬ್ಬ ಒಳಗೆ ಬಂದು ಲ್ಯಾಪ್‌ಟಾಪ್ ಎತ್ತಿಕೊಂಡ ಅಂತಿಟ್ಟುಕೊಳ್ಳಿ. ಅವನ ಕೈಲಿ ಆಯುಧ ಇಲ್ಲ. ಹಿಡೀಬಹುದು, ತಳ್ಳಬಹುದು, ಕಿತ್ತುಕೊಳ್ಳಬಹುದು. ಬೆನ್ನಟ್ಟಿ ವಸ್ತು ವಾಪಸ್ ಪಡೆಯಬಹುದು. ಪ್ರಾಣ ತೆಗೆಯೋ ಹಾಗಿಲ್ಲ. ವಸ್ತು ಬಿಸಾಕಿ ಓಡಿಹೋಗೋನ ಬೆನ್ನಿಗೆ ಹೊಡೆದರೆ ಅದು ಸಿಟ್ಟು ತೀರಿಸಿಕೊಂಡ ಹಾಗೆ.

ನಮ್ಮ ಗುಂಪಲ್ಲಿ ಕೊಡಗಿನವರೂ ಇದ್ದಾರೆ. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಕೋವಿ ಲೈಸೆನ್ಸ್‌ನಿಂದ ವಿನಾಯಿತಿ ಇದೆ. ಆ ವಿನಾಯಿತಿ ಕೋವಿ ಇಟ್ಟುಕೊಳ್ಳೋಕೆ. ಅದನ್ನ ಮನುಷ್ಯನ ಮೇಲೆ ಎತ್ತೋ ಪ್ರಶ್ನೆ ಬಂದಾಗ ಅವರಿಗೂ ನಮಗೂ ಇರೋದು ಇದೇ 34ರಿಂದ 44.

ಇದನ್ನ ಹಗುರವಾಗಿ ತಗೋಬೇಡಿ ಅನ್ನೋಕೆ ಬೆಂಗಳೂರಿನದೇ ಒಂದು ಉದಾಹರಣೆ ಇದೆ. ಒಂದು ಆಸ್ತಿಯ ಗೇಟಿನ ವಿಚಾರಕ್ಕೆ ಜಗಳ ಆಗಿ, ಸೆಕ್ಯುರಿಟಿ ಸಿಬ್ಬಂದಿ ಮೇಲೆ ಪೆಪ್ಪರ್ ಸ್ಪ್ರೇ ಹೊಡೆದ ಕೇಸು. ಆತ್ಮರಕ್ಷಣೆಗೆ ಹೊಡೆದೆವು, ಕೇಸು ರದ್ದು ಮಾಡಿ ಅಂತ ದಂಪತಿ ಹೈಕೋರ್ಟಿಗೆ ಹೋದರು. 2024ರ ಮೇ ತಿಂಗಳಲ್ಲಿ ಕರ್ನಾಟಕ ಹೈಕೋರ್ಟ್ ಒಪ್ಪಲಿಲ್ಲ. ಮೇಲ್ನೋಟಕ್ಕೆ ಆಗ ಜೀವಕ್ಕೆ ಅಪಾಯ ಇರಲಿಲ್ಲ, ಪೆಪ್ಪರ್ ಸ್ಪ್ರೇ ಕೂಡ ಅಪಾಯಕಾರಿ ಆಯುಧವೇ, ತನಿಖೆ ನಡೀಲಿ ಅಂತ ಹೇಳಿತು. ಬ್ಯಾಗಲ್ಲಿ ಸ್ಪ್ರೇ ಇಟ್ಟುಕೊಳ್ಳೋದು ತಪ್ಪಲ್ಲ. ಯಾವಾಗ ತೆಗೀತೀರಿ ಅನ್ನೋದು ಪ್ರಶ್ನೆ.

ಕಳ್ಳ ಬರೋ ಮೊದಲೇ

ಊರ ಕಡೆ ಹೊಲಕ್ಕೆ, ತೋಟಕ್ಕೆ ಕರೆಂಟ್ ವೈರ್ ಬಿಡೋದು ನೋಡಿರ್ತೀರಿ. ಹಂದಿ ಬರ್ತಾವೆ ಅಂತ ಬಿಟ್ಟ ವೈರಿಗೆ ಬೆಳಿಗ್ಗೆ ನೀರು ಹಾಯಿಸೋಕೆ ಹೋದ ಮನುಷ್ಯ ಸಿಕ್ಕಿ ಸತ್ತ ಸುದ್ದಿ ಕರ್ನಾಟಕದಲ್ಲೂ ಕೇಳ್ತೀವಿ, ತೆಲಂಗಾಣದಲ್ಲೂ ಕೇಳ್ತೀವಿ. ಇದರ ಬಗ್ಗೆ 1963ರಲ್ಲೇ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಚೆರುಬಿನ್ ಗ್ರೆಗರಿ ವಿರುದ್ಧ ಬಿಹಾರ ರಾಜ್ಯ. ಅಕ್ಕಪಕ್ಕದ ಮನೆ. ಒಬ್ಬರ ಪಾಯಖಾನೆ ಗೋಡೆ ಬಿದ್ದುಹೋಗಿ, ಅವರ ಮನೆಯವರು ಪಕ್ಕದವನ ಪಾಯಖಾನೆಗೆ ಹೋಗ್ತಿದ್ದರು. ಬೇಡ ಅಂದರೂ ಕೇಳಲಿಲ್ಲ ಅಂತ ಅವನು ದಾರಿಗೆ ಕರೆಂಟ್ ಹಾಯಿಸಿದ ಬರಿ ತಂತಿ ಕಟ್ಟಿದ. ಎಚ್ಚರಿಕೆ ಕೊಡಲಿಲ್ಲ. ಒಬ್ಬ ಹೆಂಗಸು ಮುಟ್ಟಿ ಸತ್ತಳು.

ಅವಳು ನನ್ನ ಜಾಗಕ್ಕೆ ಅಕ್ರಮವಾಗಿ ಬಂದಿದ್ದಳು, ಆಸ್ತಿ ಕಾಪಾಡಿಕೊಳ್ಳೋದು ನನ್ನ ಹಕ್ಕು ಅಂತ ಅವನ ವಾದ. ಕೋರ್ಟ್ ಒಪ್ಪಲಿಲ್ಲ, ಶಿಕ್ಷೆ ಎತ್ತಿ ಹಿಡೀತು. ಅತಿಕ್ರಮ ಮಾಡಿದವಳಾದರೂ ಆಕೆ ಕಾನೂನಿನ ಕಣ್ಣಿಗೆ ಮನುಷ್ಯಳೇ. ತಂತಿಗೆ ಯೋಚನೆ ಇಲ್ಲ. ಬಂದವರು ಕಳ್ಳರೋ, ಚೆಂಡು ತರೋಕೆ ಬಂದ ಹುಡುಗನೋ ಅಂತ ಅದು ಕೇಳಲ್ಲ. ಊರಲ್ಲಿ ಅಪ್ಪನೋ ಚಿಕ್ಕಪ್ಪನೋ ಹೀಗೆ ವೈರ್ ಬಿಡ್ತಿದ್ದರೆ ಇವತ್ತೇ ಫೋನ್ ಮಾಡಿ ಬಿಡಿಸಿ. ಕ್ಯಾಮೆರಾ ಹಾಕಿ, ಸೈರನ್ ಹಾಕಿ, ಗಟ್ಟಿ ಬೀಗ ಹಾಕಿ.

ಕಳ್ಳ ಸಿಕ್ಕಿಬಿದ್ದ ಮೇಲೆ

ಈಗ ಕಳ್ಳನ್ನ ಹಿಡಿದಿರಿ. ಟವರ್‌ನವರೆಲ್ಲ ಕೆಳಗಿಳಿದಿದ್ದಾರೆ, ವಾಚ್‌ಮನ್ ಹಗ್ಗ ತಂದಿದ್ದಾನೆ. ಮುಂದೇನು?

ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಂ ಪ್ರಕಾರ, ನಿಮ್ಮ ಕಣ್ಣೆದುರಿಗೇ ಜಾಮೀನಿಲ್ಲದ ಗಂಭೀರ ಅಪರಾಧ ನಡೆದರೆ ಸಾಮಾನ್ಯ ಪ್ರಜೆ ಕೂಡ ಆರೋಪಿಯನ್ನ ಹಿಡಿದಿಡಬಹುದು. ಆದರೆ ತಡ ಮಾಡದೆ, ಹೆಚ್ಚೆಂದರೆ ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಈ ಆರು ಗಂಟೆ ಅನ್ನೋದು ಹೊಸ ಕಾನೂನಿನಲ್ಲಿ ಸೇರಿದ್ದು. ಹಿಡಿದಿಡೋಕೆ ಅನುಮತಿ ಇದೆ, ಹೊಡೆಯೋಕೆ ಇಲ್ಲ. ಕಂಬಕ್ಕೆ ಕಟ್ಟಿದ ಮನುಷ್ಯನಿಂದ ಯಾರಿಗೂ ಅಪಾಯ ಇಲ್ಲ. ಅಲ್ಲಿಗೆ ನಿಮ್ಮ ಆತ್ಮರಕ್ಷಣೆ ಮುಗೀತು. ಆಮೇಲೆ ಬೀಳೋ ಒಂದೊಂದು ಏಟೂ ಹೊಡೆದವನ ಲೆಕ್ಕಕ್ಕೆ ಬರುತ್ತೆ. ಅದನ್ನೆಲ್ಲ ನಮ್ಮವರೇ ವಿಡಿಯೊ ಮಾಡಿ ಗ್ರೂಪಿಗೆ ಹಾಕ್ತಾರೆ, ಪೊಲೀಸರಿಗೆ ಸಾಕ್ಷಿ ಹುಡುಕೋ ಕಷ್ಟವೂ ಇರಲ್ಲ.

ಇನ್ನು ಹಿಡಿದವನು ಕಳ್ಳನೇ ಅಲ್ಲದಿದ್ದರೆ? ಇಲ್ಲಿಂದ ಮೂರು ತಾಸಿನ ದಾರಿ ಬೀದರ್. 2018ರ ಜುಲೈ 13. ಹೈದರಾಬಾದಿನ ಒಬ್ಬ ಯುವ ಟೆಕ್ಕಿ ಗೆಳೆಯರ ಜೊತೆ ಬೀದರ್ ಜಿಲ್ಲೆಗೆ ಹೋಗಿದ್ದ. ದಾರೀಲಿ ಸಿಕ್ಕ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಆ ದಿನಗಳಲ್ಲಿ ಮಕ್ಕಳ ಕಳ್ಳರ ವದಂತಿ ವಾಟ್ಸಾಪಲ್ಲಿ ಹರಿದಾಡ್ತಿತ್ತು. ಕಾರಿನಲ್ಲಿ ಬಂದವರು ಮಕ್ಕಳ ಕಳ್ಳರು ಅಂತ ಸುದ್ದಿ ಹಬ್ಬಿತು. ಮುರ್ಕಿ ಗ್ರಾಮದ ಹತ್ತಿರ ಜನ ಅಡ್ಡಗಟ್ಟಿ ಹೊಡೆದರು. ಬಿಡಿಸೋಕೆ ಬಂದ ಪೊಲೀಸರಿಗೂ ಪೆಟ್ಟಾಯ್ತು. ಆ ಹುಡುಗ ಸತ್ತ. ನಮ್ಮ ಥರದ ಕೆಲಸದವನು, ನಮ್ಮ ನಗರದವನು, ನಮ್ಮ ಊರ ಕಡೆ ಹೋಗಿ ಸತ್ತ.

ಆ ಗುಂಪಲ್ಲಿದ್ದವರನ್ನ ಕೇಳಿದರೆ ಬಹಳ ಜನ ಒಂದೇ ಮಾತು ಹೇಳಿಯಾರು, ನಾವು ನಮ್ಮ ಮಕ್ಕಳನ್ನ ಕಾಪಾಡೋಕೆ ಹೋಗಿದ್ದೆವು ಅಂತ. ಭಯ ನಿಜವೇ ಇರಬಹುದು. ಕಾನೂನು ಕೇಳೋದು ಆ ಭಯಕ್ಕೆ ತಕ್ಕ ಕಾರಣ ಇತ್ತಾ ಅಂತ. ಫಾರ್ವರ್ಡ್ ಮೆಸೇಜು ಕಾರಣ ಆಗಲ್ಲ. ಈಗಿನ ನ್ಯಾಯ ಸಂಹಿತೆಯ 103ನೇ ಕಲಂನಲ್ಲಿ, ಐದು ಅಥವಾ ಹೆಚ್ಚು ಜನ ಸೇರಿ ಜಾತಿ, ಪಂಗಡ, ಭಾಷೆ, ಹುಟ್ಟಿದ ಸ್ಥಳ ಇಂಥ ಕಾರಣಕ್ಕೆ ಕೊಂದರೆ ಗುಂಪಿನ ಪ್ರತಿಯೊಬ್ಬನಿಗೂ ಮರಣದಂಡನೆ ಅಥವಾ ಜೀವಾವಧಿ ಅಂತ ಇದೆ. ಭಾಷೆ, ಹುಟ್ಟಿದ ಸ್ಥಳ. ಬೇರೆ ರಾಜ್ಯದಲ್ಲಿ ಬದುಕೋ ನಾವು ಈ ಎರಡು ಪದ ಎರಡು ಸಲ ಓದಬೇಕು. ನಾವೂ ಯಾರದೋ ಓಣಿಯಲ್ಲಿ ಗುರುತಿಲ್ಲದ ಮುಖಗಳೇ.

ಊರಲ್ಲಿರೋ ಸೈಟು

ನಮ್ಮಲ್ಲಿ ಅರ್ಧ ಜನಕ್ಕೆ ಕಳ್ಳನಿಗಿಂತ ಹೆಚ್ಚು ಚಿಂತೆ ಬೆಂಗಳೂರಲ್ಲೋ ಹುಬ್ಬಳ್ಳಿಯಲ್ಲೋ ಬಿಟ್ಟು ಬಂದ ಸೈಟಿಂದು. ಯಾರೋ ಬೇಲಿ ಹಾಕಿದರು, ಶೆಡ್ ಕಟ್ಟಿದರು. ನಾಲ್ಕು ಹುಡುಗರನ್ನ ಕರಕೊಂಡು ಹೋಗಿ ಕಿತ್ತು ಹಾಕೋಣ ಅನ್ಸುತ್ತೆ.

ಇದಕ್ಕೆ ಕರ್ನಾಟಕದ್ದೇ ಒಂದು ಪ್ರಕರಣ ದೇಶಕ್ಕೆಲ್ಲ ದಾರಿ ತೋರಿಸಿದೆ. ರಾಮೇಗೌಡ ವಿರುದ್ಧ ವರದಪ್ಪ ನಾಯ್ಡು, ಸುಪ್ರೀಂ ಕೋರ್ಟ್, ಡಿಸೆಂಬರ್ 2003. ಅಕ್ಕಪಕ್ಕದ ಜಮೀನಿನ ಗಡಿ ತಕರಾರು. ಕೋರ್ಟ್ ಹೇಳಿದ್ದು ಹೀಗೆ: ಅತಿಕ್ರಮ ಮಾಡೋನು ಈಗ ತಾನೇ ನುಗ್ಗುತ್ತಿದ್ದರೆ ತಕ್ಕಷ್ಟು ಬಲ ಬಳಸಿ ಹೊರಗೆ ಹಾಕಬಹುದು. ಆದರೆ ಅವನು ಗೊತ್ತಿದ್ದೂ ಬಿಟ್ಟದ್ದರಿಂದ ನೆಲೆಯೂರಿ ಬಿಟ್ಟಿದ್ದರೆ, ನಿಜವಾದ ಮಾಲೀಕನೂ ಕೋರ್ಟ್ ಮೂಲಕವೇ ಬಿಡಿಸಬೇಕು. ಸ್ವಂತ ಬಲದಿಂದ ಕಿತ್ತು ಹಾಕೋ ಹಾಗಿಲ್ಲ.

ಇಲ್ಲೂ ಅದೇ ಸೂತ್ರ ನೋಡಿ. ನುಗ್ಗೋ ಹೊತ್ತಲ್ಲಿ ಹಕ್ಕು ಇದೆ, ಹೊತ್ತು ಮೀರಿದ ಮೇಲೆ ಇಲ್ಲ. ಹಾಗಾಗಿ ದೂರ ಇರೋ ನಾವು ಮಾಡಬೇಕಾದ್ದು ಬೇಗ ಗೊತ್ತು ಮಾಡಿಕೊಳ್ಳೋದು. ಮೂರು ತಿಂಗಳಿಗೊಮ್ಮೆ ಯಾರಾದರೂ ಹೋಗಿ ಫೋಟೊ ತೆಗೆದು ಕಳಿಸಲಿ. ನಿಮ್ಮ ಸ್ವಾಧೀನದಲ್ಲಿದ್ದ ಜಾಗದಿಂದ ಕಾನೂನುಬಾಹಿರವಾಗಿ ಹೊರಹಾಕಿದರೆ 1963ರ ನಿರ್ದಿಷ್ಟ ಪರಿಹಾರ ಕಾಯಿದೆಯ 6ನೇ ಕಲಂ ಅಡಿ ಆರು ತಿಂಗಳೊಳಗೆ ದಾವೆ ಹಾಕಬಹುದು. ಆಗ ಸ್ವಾಧೀನದ ಪ್ರಶ್ನೆ ಮಾತ್ರ ಬರುತ್ತೆ. ಇಲ್ಲಿ ಬಾಡಿಗೆ ಮನೇಲಿರೋರಿಗೂ ಇದು ಗೊತ್ತಿರಲಿ. ಮಾಲೀಕರು ನೀವು ಆಫೀಸಿಗೆ ಹೋದಾಗ ಸಾಮಾನು ಹೊರಗಿಟ್ಟು ಬೀಗ ಬದಲಾಯಿಸಿದರೆ ನಿಮಗೂ ಇದೇ ದಾರಿ.

ಇನ್ನೊಂದು. ಊರ ಮನೆಯಲ್ಲಿ ಕಳ್ಳತನ ಆದರೆ ದೂರು ಕೊಡೋಕೆ ರಾತ್ರೋರಾತ್ರಿ ಬಸ್ ಹತ್ತಬೇಕಿಲ್ಲ. ಈಗಿನ ಕಾನೂನಲ್ಲಿ ಯಾವ ಠಾಣೆ ವ್ಯಾಪ್ತಿ ಅನ್ನೋದು ಅಡ್ಡಿ ಅಲ್ಲ. ಇಲ್ಲಿಂದಲೂ ಮಾಹಿತಿ ಕೊಡಬಹುದು, ಎಲೆಕ್ಟ್ರಾನಿಕ್ ಆಗಿ ಕಳಿಸಿದರೆ ಮೂರು ದಿನದೊಳಗೆ ಸಹಿ ಹಾಕಬೇಕು.

ಅದೇ ಬಾಗಿಲಿಗೆ ಬರೋಣ

ಆ ರಾತ್ರಿ ನಾನು ಬಾಗಿಲು ತೆಗೆದು ಹೊಡೆದಿದ್ದರೆ? ಇದಕ್ಕೆ ಉತ್ತರ ಕಾನೂನಿನ ಪುಸ್ತಕದಲ್ಲೇ ಒಂದು ಉದಾಹರಣೆಯಾಗಿ ಇದೆ. 36ನೇ ಕಲಂ, ಹಳೇ 98. ಒಬ್ಬ ಮನುಷ್ಯ ತನಗೆ ಹೋಗೋ ಹಕ್ಕಿರೋ ಮನೆಗೆ ರಾತ್ರಿ ಹೋಗ್ತಾನೆ. ಒಳಗಿದ್ದವನು ಕಳ್ಳ ಅಂತ ಪ್ರಾಮಾಣಿಕವಾಗಿ ನಂಬಿ ಅವನ ಮೇಲೆ ಬೀಳ್ತಾನೆ. ಹೊಡೆದವನು ಅಪರಾಧಿ ಅಲ್ಲ. ಆದರೆ ಹೊಡೆಸಿಕೊಂಡವನಿಗೂ ತಿರುಗಿ ಹೊಡೆಯೋ ಪೂರ್ತಿ ಹಕ್ಕಿದೆ.

ಇದನ್ನ ಓದಿ ನಾನು ಬಹಳ ಹೊತ್ತು ಸುಮ್ಮನೆ ಕೂತೆ. ಇಬ್ಬರದೂ ತಪ್ಪಿಲ್ಲ, ಒಬ್ಬ ಸತ್ತು ಬಿದ್ದಿರಬಹುದು. ಸತ್ತವನು ಆ ಹುಡುಗನೂ ಆಗಬಹುದಿತ್ತು, ನಾನೂ ಆಗಬಹುದಿತ್ತು. ಜೊತೆಗೆ, ಪ್ರಾಮಾಣಿಕ ನಂಬಿಕೆ ಅಂದರೆ ಸಾಕಷ್ಟು ಎಚ್ಚರ ವಹಿಸಿದ ನಂಬಿಕೆ ಅಂತ ಕಾನೂನು ಹೇಳುತ್ತೆ. ಬಾಗಿಲು ಗಟ್ಟಿಯಾಗಿ ಹಾಕಿತ್ತು. ಕಿಂಡಿಯಲ್ಲಿ ನೋಡಬಹುದಿತ್ತು, ಕೂಗಿ ಕೇಳಬಹುದಿತ್ತು, ವಾಚ್‌ಮನ್‌ಗೆ ಇಂಟರ್‌ಕಾಮ್ ಮಾಡಬಹುದಿತ್ತು. ನಾನೇ ಬಾಗಿಲು ತೆಗೆದು ಹೊಡೆದೆ ಅಂದರೆ ನ್ಯಾಯಾಧೀಶರು ಏನು ಕೇಳ್ತಿದ್ದರು ಅಂತ ನೀವೇ ಊಹಿಸಿ. ಆತ್ಮರಕ್ಷಣೆ ಅಂತ ತೋರಿಸೋ ಹೊಣೆ ಆರೋಪಿ ಮೇಲೇ ಇರುತ್ತೆ, ಸಾಕ್ಷ್ಯ ಅಧಿನಿಯಮದ 108ನೇ ಕಲಂ. ಸಂದೇಹಕ್ಕೆ ಎಡೆಯಿಲ್ಲದ ಹಾಗೆ ಬೇಕಿಲ್ಲ, ಹೀಗಿರೋ ಸಾಧ್ಯತೆಯೇ ಹೆಚ್ಚು ಅಂತ ಕಂಡರೆ ಸಾಕು. ಅಷ್ಟಾದರೂ ಬೇಕು.

ಆನ್‌ಸೈಟ್ ಹೋಗಿ ಬಂದವರು ಅಮೆರಿಕದ ಕಾನೂನು ಎಷ್ಟು ಗಟ್ಟಿ ಅಂತ ಹೊಗಳ್ತಾರೆ. 2023ರ ಏಪ್ರಿಲ್‌ನಲ್ಲಿ ಅಲ್ಲಿನ ಕಾನ್ಸಾಸ್ ಸಿಟಿಯಲ್ಲಿ 16 ವರ್ಷದ ಹುಡುಗ ತಮ್ಮಂದಿರನ್ನ ಕರಕೊಂಡು ಬರೋಕೆ ಹೋಗಿ, ಹೆಚ್ಚು ಕಡಿಮೆ ಒಂದೇ ಹೆಸರಿನ ಬೇರೆ ರಸ್ತೆಯ ಮನೆ ಬೆಲ್ ಒತ್ತಿದ. ಒಳಗಿದ್ದ 84 ವರ್ಷದ ಮುದುಕ ಬಾಗಿಲಿನಿಂದಲೇ ಗುಂಡು ಹೊಡೆದ. ಪುಣ್ಯಕ್ಕೆ ಹುಡುಗ ಬದುಕಿದ. ಮುದುಕನ ಮೇಲೆ ಕೇಸಾಗಿ, 2025ರಲ್ಲಿ ಅವನು ತಪ್ಪು ಒಪ್ಪಿಕೊಂಡ. ಅಲ್ಲಿಯೂ ಮೊದಲು ಯಾರೂ ಕೇಳಲಿಲ್ಲ.

ಕೊನೆಗೆ ಕೆಲಸಕ್ಕೆ ಬರೋ ನಾಲ್ಕು ಮಾತು. ಯಾರೋ ಬಾಗಿಲು ಒಡೀತಿದ್ದಾರೆ ಅನ್ಸಿದರೆ ಲೈಟ್ ಹಾಕಿ, ಗಟ್ಟಿಯಾಗಿ ಕೂಗಿ, ಬಾಗಿಲು ತೆಗೀಬೇಡಿ, 112ಕ್ಕೆ ಫೋನ್ ಮಾಡಿ. ಅವರು ಒಡೆದು ಒಳಗೆ ಬಂದೇಬಿಟ್ಟರೆ ನಿಮ್ಮವರನ್ನ ಉಳಿಸಿಕೊಳ್ಳೋಕೆ ಏನು ಬೇಕೋ ಮಾಡಿ, ಹಿಂಜರೀಬೇಡಿ, ಕಾನೂನು ನಿಮ್ಮ ಜೊತೆ ಇದೆ. ಅವನು ಓಡಿದರೆ, ಬಿದ್ದರೆ, ಕೈ ಎತ್ತಿದರೆ ಅಲ್ಲಿಗೆ ನಿಲ್ಲಿಸಿ, ಪೆಟ್ಟಾಗಿದ್ದರೆ ಆಂಬುಲೆನ್ಸ್‌ಗೂ ಹೇಳಿ. ಪೊಲೀಸರು ಬಂದಾಗ ಆದದ್ದನ್ನ ಆದ ಹಾಗೇ ಹೇಳಿ, ಒಂದು ವಸ್ತುವನ್ನೂ ಜರುಗಿಸಬೇಡಿ, ಕ್ಯಾಮೆರಾ ರೆಕಾರ್ಡಿಂಗ್ ಉಳಿಸಿ, ವಕೀಲರಿಗೆ ಫೋನ್ ಮಾಡಿ.

ಆ ಹುಡುಗ ಮಾರನೇ ದಿನ ಸಂಜೆ ಬಂದು ಅವ್ವನ ಹತ್ತಿರ ಕ್ಷಮೆ ಕೇಳಿದ. ವಾರಂಗಲ್ ಕಡೆಯವನು. ಅವ್ವನಿಗೆ ತೆಲುಗು ಬರುತ್ತೆ, ಸಿಂಧನೂರಿನವಳಲ್ವಾ. ಕೂರಿಸಿ ಮಂಡಕ್ಕಿ, ಚಹಾ ಕೊಟ್ಟಳು. ಅವನು ನಗ್ತಾ ಕೂತಿದ್ದ. ಮೂಲೆಯಲ್ಲಿ ಒರಗಿಸಿಟ್ಟಿದ್ದ ಬ್ಯಾಟಿನ ಕಡೆ ನೋಡೋಕೆ ನನಗೆ ಆಗಲಿಲ್ಲ.

ಹೋಗುವಾಗ ಅವ್ವ ಅವನಿಗೆ ಹೇಳಿದ್ದು ಇಷ್ಟು, ನೋಡಿಕೊಂಡು ಇಳಿಯಪ್ಪಾ ಅಂತ. ನನಗೆ ಹೇಳಿದ್ದು, "ಮೊದಲ ಯಾರದು ಅಂತ ಕೇಳಬೇಕಪಾ."